ಸೊಲ್ಲಾಪುರದಿಂದ ಚೀನಾದ ರಣರಂಗಕ್ಕೆ: ಡಾ. ದ್ವಾರಕಾನಾಥ ಕೋಟ್ನೀಸ್

ಸೊಲ್ಲಾಪುರ ಎಂದರೆ ನಮ್ಮ ಗಡಿನಾಡಿನ ಜನರಿಗೆ ಸಿದ್ಧರಾಮೇಶ್ವರರ ಗುಡಿ, ಸಂಕ್ರಾಂತಿಯ ಗಡ್ಡಾ ಜಾತ್ರೆ, ಚಾದರ ಮತ್ತು ಬಟ್ಟೆ ಗಿರಣಿಗಳು ನೆನಪಿಗೆ ಬರುತ್ತವೆ. ಮರಾಠಿ, ಕನ್ನಡ, ತೆಲುಗು ಮೂರೂ ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುವ ಈ ಊರಿನ ಹೆಸರು ಸಾವಿರಾರು ಮೈಲಿ ದೂರದ ಚೀನಾ ದೇಶದಲ್ಲೂ ಪರಿಚಿತ. ಅದಕ್ಕೆ ಕಾರಣ ಇಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಚೀನಾದ ಬೆಟ್ಟದ ಹಳ್ಳಿಯೊಂದರಲ್ಲಿ 32ನೇ ವಯಸ್ಸಿಗೆ ಪ್ರಾಣಬಿಟ್ಟ ವೈದ್ಯ ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನೀಸ್. ಅವರ ಬದುಕನ್ನು ತಿಳಿಯಬೇಕಾದರೆ ಆ ಯುದ್ಧ ಯಾಕೆ ಹುಟ್ಟಿತು, ಹೇಗೆ ನಡೆಯಿತು, ಅದರಿಂದ ಚೀನಾ ಮತ್ತು ಭಾರತದ ಸಾಮಾನ್ಯ ಜನ ಏನು ಕಂಡರು ಎಂಬುದನ್ನೂ ತಿಳಿಯಬೇಕಾಗುತ್ತದೆ.

ಗಿರಣಿ ಊರಿನ ಹುಡುಗ

ದ್ವಾರಕಾನಾಥರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ಮರಾಠಿ ಮಾತನಾಡುವ ಕೆಳಮಧ್ಯಮ ವರ್ಗದ ಕುಟುಂಬ. ತಂದೆ ಶಾಂತಾರಾಮ ಕೋಟ್ನೀಸ್ ಗಿರಣಿಯಲ್ಲಿ ನೌಕರಿಯಲ್ಲಿದ್ದರು. ಇಬ್ಬರು ಸಹೋದರರು, ಐವರು ಸಹೋದರಿಯರ ತುಂಬಿದ ಮನೆ. ಸಂಬಳ ಬಂದರೆ ಸಂಸಾರ ನಡೆಯಬೇಕು, ಅಂಥ ಸ್ಥಿತಿ.

ಆಗಿನ ಸೊಲ್ಲಾಪುರ ಸ್ವಾತಂತ್ರ್ಯ ಹೋರಾಟದಿಂದ ಕಾದ ಬಾಣಲೆಯಂತಿತ್ತು. 1930ರ ಮೇ ತಿಂಗಳಲ್ಲಿ ಗಾಂಧೀಜಿ ಬಂಧನದ ನಂತರ ಊರು ಸಿಡಿದೆದ್ದಿತು. ಬ್ರಿಟಿಷ್ ಸರಕಾರ ಮಾರ್ಷಲ್ ಲಾ ಜಾರಿ ಮಾಡಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ದ್ವಾರಕಾನಾಥರಿಗೆ ಆಗ 20 ವರ್ಷ. ಪರರ ಆಳ್ವಿಕೆ ಎಂದರೇನು ಎಂಬುದನ್ನು ಆ ಪೀಳಿಗೆಗೆ ಯಾರೂ ಪುಸ್ತಕದಿಂದ ಕಲಿಸಬೇಕಾಗಿರಲಿಲ್ಲ.

ಮುಂದೆ ಅವರು ಮುಂಬಯಿಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ ಪದವಿ ಪಡೆದರು. 1938ರಲ್ಲಿ ಉನ್ನತ ವ್ಯಾಸಂಗಕ್ಕೆ ತಯಾರಿ ನಡೆಸಿದ್ದರು. ಮಗ ದೊಡ್ಡ ಡಾಕ್ಟರ್ ಆಗಿ ಮನೆಗೆ ಆಸರೆಯಾಗುತ್ತಾನೆ ಎಂದು ಮನೆಯವರು ಕಾದಿದ್ದ ಕಾಲವದು.

ದೂರದ ಬೆಂಕಿ

ಅತ್ತ ಏಷ್ಯಾದ ಪೂರ್ವ ತುದಿಯಲ್ಲಿ ಬೆಂಕಿ ಹತ್ತಿತ್ತು. ಜಪಾನಿನಲ್ಲಿ ಕೈಗಾರಿಕೆ ಬೆಳೆದಿತ್ತು, ಆದರೆ ಕಬ್ಬಿಣ, ಕಲ್ಲಿದ್ದಲು, ಎಣ್ಣೆ ಸಾಲದು. 1929ರ ನಂತರದ ಜಾಗತಿಕ ಆರ್ಥಿಕ ಮುಗ್ಗಟ್ಟಿನಲ್ಲಿ ಅದರ ವ್ಯಾಪಾರ ಕುಸಿಯಿತು. ಸೈನ್ಯದ ಅಧಿಕಾರಿಗಳ ಕೈ ಮೇಲಾಯಿತು. ಪಕ್ಕದ ಚೀನಾ ಒಳಜಗಳದಿಂದ ಒಡೆದ ಮನೆಯಾಗಿತ್ತು. 1931ರ ಸೆಪ್ಟೆಂಬರ್‌ನಲ್ಲಿ ಜಪಾನ್ ಸೈನ್ಯ ಚೀನಾದ ಈಶಾನ್ಯದ ಮಂಚೂರಿಯಾಕ್ಕೆ ನುಗ್ಗಿ ಅದನ್ನು ವಶಪಡಿಸಿಕೊಂಡಿತು. ರಾಷ್ಟ್ರಸಂಘ ಖಂಡಿಸಿತು, ಜಪಾನ್ ಆ ಸಂಘವನ್ನೇ ಬಿಟ್ಟು ಹೊರನಡೆಯಿತು. ಇದನ್ನು ಯುರೋಪಿನ ಸರ್ವಾಧಿಕಾರಿಗಳೂ ನೋಡುತ್ತಿದ್ದರು.

1937ರ ಜುಲೈ 7ರಂದು ಬೀಜಿಂಗ್ ಬಳಿಯ ಮಾರ್ಕೋ ಪೋಲೋ ಸೇತುವೆಯಲ್ಲಿ ನಡೆದ ಗುಂಡಿನ ಚಕಮಕಿ ಪೂರ್ಣ ಯುದ್ಧವಾಯಿತು. ಡಿಸೆಂಬರ್‌ನಲ್ಲಿ ರಾಜಧಾನಿ ನಾನ್‌ಜಿಂಗ್ ಬಿತ್ತು, ಅಲ್ಲಿ ಭೀಕರ ನರಮೇಧ ನಡೆಯಿತು. ಯುರೋಪಿನವರು ಎರಡನೇ ಮಹಾಯುದ್ಧ 1939ರಲ್ಲಿ ಶುರುವಾಯಿತು ಎನ್ನುತ್ತಾರೆ. ಚೀನೀಯರ ಪಾಲಿಗೆ ಅದು ಎರಡು ವರ್ಷ ಮೊದಲೇ ಮನೆ ಬಾಗಿಲಿಗೆ ಬಂದಿತ್ತು.

ಗಾಯಾಳುಗಳು ಲಕ್ಷಗಟ್ಟಲೆ, ವೈದ್ಯರು ಬೆರಳೆಣಿಕೆ. ಚೀನೀ ಎಂಟನೇ ಮಾರ್ಗ ಸೇನೆಯ ದಂಡನಾಯಕ ಜು ದೆ ಅವರು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ನೆರವು ಕೋರಿದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ದೇಶದ ಜನತೆಗೆ ಕರೆ ಕೊಟ್ಟರು. ಜುಲೈ ತಿಂಗಳಲ್ಲಿ ಚೀನಾ ದಿನ ಆಚರಿಸಿ ಸುಮಾರು 22,000 ರೂಪಾಯಿ ಸಂಗ್ರಹಿಸಲಾಯಿತು. ಸ್ವತಃ ಪರಾಧೀನವಾಗಿದ್ದ ದೇಶವೊಂದು ಇನ್ನೊಂದು ದೇಶಕ್ಕೆ ತನ್ನ ಸ್ವಂತ ಇಚ್ಛೆಯಿಂದ ನೆರವು ಕಳುಹಿಸಿತು ಎಂಬುದು ಇಲ್ಲಿನ ವಿಶೇಷ.

ಐವರು ವೈದ್ಯರು

ವೈದ್ಯರ ತಂಡಕ್ಕೆ ಆಯ್ಕೆಯಾದವರು ಐವರು. ಅಲಹಾಬಾದಿನ ಡಾ. ಮದನಮೋಹನ ಅಟಲ್ ತಂಡದ ಮುಖ್ಯಸ್ಥರು. ಅವರು ಅದಕ್ಕೂ ಮೊದಲು ಸ್ಪೇನಿನ ಅಂತರ್ಯುದ್ಧದಲ್ಲಿ ಸೇವೆ ಮಾಡಿದ್ದರು. ನಾಗಪುರದ ಹಿರಿಯ ವೈದ್ಯ ಡಾ. ಚೋಳಕರ್, ಕಲಕತ್ತೆಯ ಡಾ. ಬಿಜಯಕುಮಾರ ಬಸು ಮತ್ತು ಡಾ. ದೇವೇಶ ಮುಖರ್ಜಿ, ಐದನೆಯವರಾಗಿ ಸೊಲ್ಲಾಪುರದ ಡಾ. ಕೋಟ್ನೀಸ್. ಮನೆಯಲ್ಲಿ ಆತಂಕವಿದ್ದರೂ ತಂದೆ ಅಡ್ಡಿ ಮಾಡಲಿಲ್ಲ.

1938ರ ಸೆಪ್ಟೆಂಬರ್ 1ರಂದು ರಜಪೂತಾನ ಎಂಬ ಹಡಗಿನಲ್ಲಿ ಅವರು ಮುಂಬಯಿ ಬಂದರು ಬಿಟ್ಟರು. ಸರಿಯಾಗಿ ಒಂದು ವರ್ಷದ ನಂತರ, ಅದೇ ದಿನ, ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿ ಯುರೋಪಿನ ಯುದ್ಧ ಆರಂಭವಾಯಿತು.

ಹಾಂಕಾಂಗ್ ದಾಟಿ ಕ್ಯಾಂಟನ್ ತಲುಪಿದ ತಂಡವನ್ನು ಚೀನಾ ಗಣರಾಜ್ಯದ ಸಂಸ್ಥಾಪಕ ಸುನ್ ಯಾತ್ ಸೆನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಬರಮಾಡಿಕೊಂಡರು. ಅಲ್ಲಿಂದ ಹಾಂಕೌ, ನಂತರ ಯಿಚಾಂಗ್, ಚೋಂಗ್‌ಚಿಂಗ್. ಅವರು ಮುಂದೆ ಸಾಗಿದಂತೆ ಹಿಂದೆ ಬಿಟ್ಟ ಊರುಗಳು ಜಪಾನಿನ ವಶವಾಗುತ್ತಿದ್ದವು. ಅಕ್ಟೋಬರ್ ತಿಂಗಳಲ್ಲೇ ಕ್ಯಾಂಟನ್ನೂ ಬಿತ್ತು, ಹಾಂಕೌ ಕೂಡ ಬಿತ್ತು. ರಸ್ತೆಯುದ್ದಕ್ಕೂ ಗಂಟುಮೂಟೆ ಹೊತ್ತು ಪಶ್ಚಿಮಕ್ಕೆ ಹೊರಟ ನಿರಾಶ್ರಿತರು. ಆ ವರ್ಷದ ಜೂನ್‌ನಲ್ಲಿ ಜಪಾನಿಗಳನ್ನು ತಡೆಯಲು ಚೀನಾ ಸರಕಾರವೇ ಹಳದಿ ನದಿಯ ಒಡ್ಡು ಒಡೆದಿತ್ತು. ಶತ್ರುವಿಗಿಂತ ಹೆಚ್ಚಾಗಿ ಹೊಲ ಮನೆ ಕಳೆದುಕೊಂಡವರು ಸ್ವಂತ ರೈತರೇ. ಯುದ್ಧ ಎಂದರೆ ಬರೀ ಸೈನಿಕರ ಮಾತಲ್ಲ ಎಂಬುದು ಈ ವೈದ್ಯರಿಗೆ ಮೊದಲ ತಿಂಗಳಲ್ಲೇ ತಿಳಿಯಿತು.

ಚೀನಾದಲ್ಲಿದ್ದಾಗಲೇ ಕೋಟ್ನೀಸರಿಗೆ ಊರಿನಿಂದ ತಂದೆ ತೀರಿಕೊಂಡ ಸುದ್ದಿ ಬಂತು. ವಾಪಸು ಹೋದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೂ ಅವರು ಹೋಗಲಿಲ್ಲ. 1939ರ ಫೆಬ್ರವರಿಯಲ್ಲಿ ತಂಡ ಎಂಟನೇ ಮಾರ್ಗ ಸೇನೆಯ ನೆಲೆಯಾದ ಯಾನಾನ್ ತಲುಪಿತು. ಹಳದಿ ಮಣ್ಣಿನ ಗುಡ್ಡ ಕೊರೆದು ಮಾಡಿದ ಗವಿಗಳೇ ಅಲ್ಲಿ ಮನೆ, ಶಾಲೆ, ಆಸ್ಪತ್ರೆ. ವಿಮಾನದಿಂದ ಬಾಂಬು ಬಿದ್ದರೂ ಗವಿಯೊಳಗೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು.

ಕೇಳದೆಯೇ ಬಂದ ಯುದ್ಧ

1939ರ ಆಗಸ್ಟ್‌ನಲ್ಲಿ ನೆಹರೂ ಚೀನಾಕ್ಕೆ ಬಂದರು. ಆದರೆ ಯುರೋಪಿನಲ್ಲಿ ಯುದ್ಧ ಶುರುವಾದ್ದರಿಂದ ಯಾನಾನ್‌ಗೆ ಬಾರದೆ ಚೋಂಗ್‌ಚಿಂಗ್‌ನಿಂದಲೇ ಹಿಂದಿರುಗಬೇಕಾಯಿತು. ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ಭಾರತೀಯ ಮುಖಂಡರನ್ನು ಒಂದು ಮಾತು ಕೇಳಲಿಲ್ಲ. ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಸರಕಾರಗಳು ರಾಜೀನಾಮೆ ಕೊಟ್ಟವು. ಐವರು ವೈದ್ಯರನ್ನು ಭಾರತ ತಾನಾಗಿಯೇ ಕಳುಹಿಸಿತ್ತು. ಈಗ ಅದೇ ದೇಶದ ಸೈನಿಕರು ಬ್ರಿಟಿಷರ ಅಪ್ಪಣೆಯ ಮೇಲೆ ಆಫ್ರಿಕಾ, ಇಟಲಿ, ಬರ್ಮಾ ರಣರಂಗಗಳಿಗೆ ಹೋದರು. ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. 87,000ದಷ್ಟು ಜನ ಮರಳಲಿಲ್ಲ.

ಒಂದು ವರ್ಷದ ಮಟ್ಟಿಗೆಂದು ಹೋಗಿದ್ದ ತಂಡ ಕರಗತೊಡಗಿತು. ಚೋಳಕರ್ ಮತ್ತು ಮುಖರ್ಜಿ 1939ರಲ್ಲಿ ಭಾರತಕ್ಕೆ ಮರಳಿದರು. ಅನಾರೋಗ್ಯದಿಂದ ಅಟಲ್ ಕೂಡ ಹಿಂದಿರುಗಿದರು. ಉಳಿದ ಬಸು ಮತ್ತು ಕೋಟ್ನೀಸ್ ಶತ್ರು ಸಾಲುಗಳ ನಡುವೆ ನುಸುಳಿ ಶಾನ್‌ಶಿ, ಹೆಬೆಯ್ ಗಡಿಯ ಬೆಟ್ಟ ಪ್ರದೇಶಕ್ಕೆ ಹೋದರು. ಅಲ್ಲಿ ಅವರಿಗಿಂತ ಮೊದಲು ದುಡಿದಿದ್ದವರು ಕೆನಡಾದ ಹೆಸರಾಂತ ಶಸ್ತ್ರವೈದ್ಯ ಡಾ. ನಾರ್ಮನ್ ಬೆಥೂನ್. ಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯ ನಂಜಾಗಿ ಅವರು 1939ರ ನವೆಂಬರ್ 12ರಂದು ತೀರಿಕೊಂಡಿದ್ದರು. 1940ರಲ್ಲಿ ಬಸು ಯಾನಾನ್‌ಗೆ ಮರಳಿದ ಮೇಲೆ ಆ ಬೆಟ್ಟಗಳಲ್ಲಿ ಉಳಿದ ಭಾರತೀಯ ವೈದ್ಯ ಕೋಟ್ನೀಸ್ ಒಬ್ಬರೇ.

ಬೆಟ್ಟದ ಆಸ್ಪತ್ರೆ

1940ರ ಆಗಸ್ಟ್‌ನಿಂದ ಎಂಟನೇ ಮಾರ್ಗ ಸೇನೆ ಉತ್ತರ ಚೀನಾದಲ್ಲಿ ಜಪಾನಿನ ರೈಲುಮಾರ್ಗ, ಗಣಿ, ಠಾಣೆಗಳ ಮೇಲೆ ದೊಡ್ಡ ದಾಳಿ ನಡೆಸಿತು. ನೂರು ರೆಜಿಮೆಂಟುಗಳ ಕಾರ್ಯಾಚರಣೆ ಎಂದು ಅದಕ್ಕೆ ಹೆಸರು. ಹಗಲು ರಾತ್ರಿ ಗಾಯಾಳುಗಳು ಬರುತ್ತಿದ್ದರು. ಈ ದಿನಗಳಲ್ಲಿ ಕೋಟ್ನೀಸ್ 800ಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ನೀಡಿದರೆಂದೂ, ಒಮ್ಮೆ 72 ಗಂಟೆ ಕಾಲ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆಂದೂ ಅವರ ಸೇವೆಯ ದಾಖಲೆಗಳು ಹೇಳುತ್ತವೆ. 1941ರ ಜನವರಿಯಲ್ಲಿ ಅವರು ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು.

ಆಸ್ಪತ್ರೆ ಎಂದರೆ ಪಕ್ಕಾ ಕಟ್ಟಡ ಎಂದು ತಿಳಿಯಬಾರದು. ರೈತರ ಮನೆಗಳೇ ವಾರ್ಡುಗಳು. ಶತ್ರು ಬರುವ ಸುಳಿವು ಸಿಕ್ಕರೆ ರೋಗಿಗಳನ್ನು ಹೊತ್ತು ಇನ್ನೊಂದು ಹಳ್ಳಿಗೆ ಹೋಗಬೇಕು. ದಿಗ್ಬಂಧನದಿಂದಾಗಿ ಔಷಧಿಯೂ ಇಲ್ಲ, ಉಪ್ಪು ಬಟ್ಟೆಗೂ ಬರ. ನೂರು ರೆಜಿಮೆಂಟುಗಳ ದಾಳಿಗೆ ಪ್ರತೀಕಾರವಾಗಿ ಜಪಾನ್ ಸೈನ್ಯ ಹಳ್ಳಿಗಳನ್ನು ಸುಟ್ಟು, ಜನರನ್ನು ಕೊಂದು, ಧಾನ್ಯ ದೋಚಿತು. ಹಾಗಿದ್ದರೂ ತಮ್ಮ ಪಾಲಿನ ಜೋಳ, ನವಣೆಯಲ್ಲೇ ಗಾಯಾಳುಗಳಿಗೂ ಹಂಚಿದವರು ಆ ಹಳ್ಳಿಯವರೇ.

ಕೋಟ್ನೀಸ್ ಚೀನೀ ಭಾಷೆ ಕಲಿತು ಅದರಲ್ಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕ ಬರೆಯಲು ಕೂತರು. ಕೆ ದಿಹುವಾ ಎಂಬುದು ಅವರ ಚೀನೀ ಹೆಸರು. ಎರಡು ಮೂರು ಭಾಷೆಗಳ ನಡುವೆ ಬೆಳೆದ ಸೊಲ್ಲಾಪುರದ ಹುಡುಗನಿಗೆ ಇನ್ನೊಂದು ಭಾಷೆ ಗೋಡೆಯಾಗಲಿಲ್ಲ.

ಬೆಥೂನರ ಸಮಾಧಿಯ ಉದ್ಘಾಟನೆಯ ಸಮಯದಲ್ಲಿ ಅವರಿಗೆ ಗುವೊ ಚಿಂಗ್‌ಲಾನ್ ಎಂಬ ನರ್ಸಿಂಗ್ ಶಿಕ್ಷಕಿಯ ಪರಿಚಯವಾಗಿತ್ತು. 1941ರ ಕೊನೆಯಲ್ಲಿ ಇಬ್ಬರೂ ಮದುವೆಯಾದರು. 1942ರ ಆಗಸ್ಟ್ 23ರಂದು ಗಂಡು ಮಗು ಹುಟ್ಟಿತು. ಸೇನಾನಿ ನಿಯೆ ರೊಂಗ್‌ಜೆನ್ ಸೂಚನೆಯಂತೆ ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಚೀನೀ ಭಾಷೆಯಲ್ಲಿ ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಅದೇ ತಿಂಗಳು ಭಾರತದಲ್ಲಿ ಕ್ವಿಟ್ ಇಂಡಿಯಾ ಚಳವಳಿ ಭುಗಿಲೆದ್ದಿತ್ತು. ಕೋಟ್ನೀಸರನ್ನು ಕಳುಹಿಸಿದ್ದ ಕಾಂಗ್ರೆಸ್ಸಿನ ಮುಖಂಡರು ಜೈಲಿನಲ್ಲಿದ್ದರು. ಸುಭಾಷರು ದೇಶ ಬಿಟ್ಟು ಜರ್ಮನಿಯಲ್ಲಿದ್ದರು, ಮುಂದಿನ ವರ್ಷ ಜಪಾನಿನ ನೆರವು ಪಡೆದೇ ಬ್ರಿಟಿಷರ ವಿರುದ್ಧ ಹೋರಾಡಿದರು. ಜಪಾನಿನ ದಾಳಿಗೆ ತುತ್ತಾದವರ ಸೇವೆಗೆ ವೈದ್ಯರನ್ನು ಕಳುಹಿಸಿದ ನಾಯಕನೇ ಆ ದಾರಿ ಹಿಡಿಯಬೇಕಾಗಿ ಬಂದದ್ದು ಆ ಯುದ್ಧ ಪರಾಧೀನ ದೇಶಗಳ ಮುಂದಿಟ್ಟ ಇಕ್ಕಟ್ಟಿಗೆ ಸಾಕ್ಷಿ.

ಕೊನೆಯ ದಿನಗಳು

ವಿಶ್ರಾಂತಿಯಿಲ್ಲದ ದುಡಿಮೆ, ಅರೆಹೊಟ್ಟೆ, ಬೆಟ್ಟದ ಚಳಿ ಇವುಗಳ ನಡುವೆ ಕೋಟ್ನೀಸರಿಗೆ ಮೂರ್ಛೆರೋಗ ಕಾಡತೊಡಗಿತ್ತು. ಬೇರೆಡೆಗೆ ಹೋಗಿ ಚಿಕಿತ್ಸೆ ಪಡೆಯುವ ಸಲಹೆಗಳನ್ನು ಅವರು ಒಪ್ಪಲಿಲ್ಲ. ವೈದ್ಯರೇ ಇಲ್ಲದ ಕಡೆ ಇರುವ ಒಬ್ಬ ವೈದ್ಯ ಹೊರಟರೆ ಹಿಂದೆ ಉಳಿಯುವವರ ಗತಿ ಏನೆಂಬುದು ಅವರಿಗೆ ಗೊತ್ತಿತ್ತು. 1942ರ ಡಿಸೆಂಬರ್ 9ರಂದು ಹೆಬೆಯ್ ಪ್ರಾಂತದ ತಾಂಗ್ ಕೌಂಟಿಯ ಹಳ್ಳಿಯಲ್ಲಿ ಅವರು ತೀರಿಕೊಂಡರು. ಮಗನಿಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. ಪಠ್ಯಪುಸ್ತಕ ಅಪೂರ್ಣವಾಗಿ ಉಳಿಯಿತು. ಮಗ ಬರುತ್ತಾನೆಂದು ಕಾದಿದ್ದ ತಾಯಿ ಅವನ ಮುಖ ಮತ್ತೆ ಕಾಣಲಿಲ್ಲ.

ಯುದ್ಧ ಇನ್ನೂ ಮೂರು ವರ್ಷ ನಡೆಯಿತು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತ್ತು. ಬೆಲೆ ಏರಿತು, ಸೀಮೆಎಣ್ಣೆ, ಬಟ್ಟೆ, ಧಾನ್ಯಗಳಿಗೆ ಅಭಾವ. 1943ರಲ್ಲಿ ಮುಂಬಯಿಯಲ್ಲಿ ರೇಷನ್ ಪದ್ಧತಿ ಬಂತು. ಅದೇ ವರ್ಷ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಚೀನಾದ ಹೆನಾನ್ ಪ್ರಾಂತದಲ್ಲೂ ಅದೇ ಕಾಲಕ್ಕೆ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಬಾಂಬು ಬೀಳದ ಹಳ್ಳಿಗಳಲ್ಲೂ ಯುದ್ಧ ಒಲೆ ಆರಿಸಿತು. 1945ರ ಆಗಸ್ಟ್ 15ರಂದು ಜಪಾನ್ ಶರಣಾಗತಿ ಸಾರಿತು.

ಉಳಿದ ನೆನಪು

1946ರಲ್ಲಿ ವಿ. ಶಾಂತಾರಾಮ್ ತಾವೇ ನಾಯಕರಾಗಿ ಡಾ. ಕೋಟ್ನೀಸ್ ಕೀ ಅಮರ್ ಕಹಾನಿ ಚಿತ್ರ ತೆಗೆದರು. ಕೋಟ್ನೀಸರ ಸಮಾಧಿ ಚೀನಾದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಾರಕದಲ್ಲಿದೆ. 1982ರಲ್ಲಿ ಚೀನಾ, 1993ರಲ್ಲಿ ಭಾರತ ಅವರ ಅಂಚೆಚೀಟಿ ಹೊರತಂದವು. ಮಗ ಯಿನ್‌ಹುವಾ ತಂದೆಯ ಹಾದಿಯಲ್ಲೇ ವೈದ್ಯಕೀಯ ಓದುತ್ತಿದ್ದಾಗ 1967ರಲ್ಲಿ, 24ರ ವಯಸ್ಸಿನಲ್ಲಿ ತೀರಿಕೊಂಡರು. ಗುವೊ ಚಿಂಗ್‌ಲಾನ್ ಹಲವು ಸಲ ಭಾರತಕ್ಕೆ ಬಂದು ಪತಿಯ ಮನೆಯವರನ್ನು ಕಂಡರು, 2012ರಲ್ಲಿ ನಿಧನರಾದರು. ಅದೇ ವರ್ಷ ಸೊಲ್ಲಾಪುರದಲ್ಲಿ ಕೋಟ್ನೀಸರ ಮನೆ ಸ್ಮಾರಕವಾಗಿ ಜನರಿಗೆ ತೆರೆದುಕೊಂಡಿತು.

1962ರಲ್ಲಿ ಭಾರತ ಮತ್ತು ಚೀನಾ ಯುದ್ಧ ಮಾಡಿದವು. ಗಡಿಯ ತಂಟೆ ಅದರ ನಂತರವೂ ಮುಗಿಯಲಿಲ್ಲ. ಹಾಗಿದ್ದರೂ ಚೀನಾದಲ್ಲಿ ಕೋಟ್ನೀಸರ ಸಮಾಧಿಗೆ ಹೂವಿಡುವ ಪದ್ಧತಿ ನಿಲ್ಲಲಿಲ್ಲ. ಗಡಿಗಳನ್ನು ಸರಕಾರಗಳು ಎಳೆಯುತ್ತವೆ, ಗಡಿಯ ಎರಡೂ ಬದಿಯ ನೋವು ಒಂದೇ ಎಂಬುದನ್ನು ಗಡಿನಾಡಿನ ಜನರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಲಕೋಟೆ, ಜತ್ ಕಡೆಯಿಂದ ಸೊಲ್ಲಾಪುರಕ್ಕೆ ಸಂತೆಗೋ ಆಸ್ಪತ್ರೆಗೋ ಹೋಗುವವರು ಒಂದು ಗಳಿಗೆ ಬಿಡುವು ಮಾಡಿಕೊಂಡು ಆ ಮನೆಯನ್ನು ನೋಡಿ ಬರಬಹುದು. ಮಕ್ಕಳನ್ನೂ ಕರೆದೊಯ್ದರೆ ಇನ್ನೂ ಒಳ್ಳೆಯದು.