ಕೊಲಂಬಿಯಾ ಕಾಲೇಜಿನ ಲೂ ಗೆರಿಗ್

ನಾವೆಲ್ಲ ಕ್ರಿಕೆಟ್ ನೋಡ್ಕೊಂಡು ಬೆಳೆದವರು. ಓದೋಕೆ ಅಂತ ಅಮೆರಿಕಕ್ಕೆ ಬಂದ ಮೇಲೆ ಬೇಸ್‌ಬಾಲ್ ಅರ್ಥ ಆಗೋಕೆ ಸ್ವಲ್ಪ ಕಾಲ ಬೇಕು. ಆದರೆ ಆಟ ಅರ್ಥವಾಗದಿದ್ದರೂ ಒಬ್ಬ ಆಟಗಾರರ ಬದುಕು ನಮಗೆ ಬೇಗ ಹತ್ತಿರವಾಗುತ್ತೆ. ಅವರೇ ಲೂ ಗೆರಿಗ್.

ಗೆರಿಗ್ ಹುಟ್ಟಿದ್ದು 1903ರ ಜೂನ್ 19ರಂದು, ನ್ಯೂಯಾರ್ಕಿನಲ್ಲಿ. ಅಪ್ಪ ಅಮ್ಮ ಜರ್ಮನಿಯಿಂದ ವಲಸೆ ಬಂದವರು. ನಾಲ್ಕು ಮಕ್ಕಳಲ್ಲಿ ಉಳಿದದ್ದು ಇವರೊಬ್ಬರೇ. ಅಪ್ಪನಿಗೆ ಕೆಲಸ ಸರಿಯಾಗಿ ಸಿಗ್ತಿರಲಿಲ್ಲ. ಅಮ್ಮ ಕೊಲಂಬಿಯಾ ವಿಶ್ವವಿದ್ಯಾಲಯದ ಹುಡುಗರ ವಸತಿಯೊಂದರಲ್ಲಿ ಅಡುಗೆ ಮಾಡಿ ಸಂಸಾರ ತೂಗಿಸಿದರು. ಮಗ ಎಂಜಿನಿಯರ್ ಆಗಬೇಕು ಅನ್ನೋದು ಆ ತಾಯಿಯ ಆಸೆ. ಈ ಆಸೆಯ ಪರಿಚಯ ನಮ್ಮಲ್ಲಿ ಯಾರಿಗಿಲ್ಲ ಹೇಳಿ!

ಫುಟ್‌ಬಾಲ್ ಆಟದ ವಿದ್ಯಾರ್ಥಿವೇತನದ ಮೇಲೆ ಗೆರಿಗ್ ಅದೇ ಕೊಲಂಬಿಯಾ ಸೇರಿದರು. 1921ರಲ್ಲಿ ಬೇರೆ ಹೆಸರಿಟ್ಟುಕೊಂಡು ಹಾರ್ಟ್‌ಫರ್ಡ್ ತಂಡಕ್ಕೆ ದುಡ್ಡಿಗಾಗಿ 12 ಪಂದ್ಯ ಆಡಿದ್ದು ಗೊತ್ತಾಗಿ, ಒಂದು ವರ್ಷ ಕಾಲೇಜು ಆಟದಿಂದ ಹೊರಗಿರಬೇಕಾಯಿತು. ಮರಳಿ ಬಂದವರು 1922ರಲ್ಲಿ ಫುಟ್‌ಬಾಲ್ ಆಡಿದರು, 1923ರಲ್ಲಿ ಬೇಸ್‌ಬಾಲ್ ತಂಡದ ಬೆನ್ನೆಲುಬಾದರು. ಪಿಚರ್ ಅಂದ್ರೆ ನಮ್ಮ ಬೌಲರ್ ಇದ್ದ ಹಾಗೆ. ಗೆರಿಗ್ ಎಡಗೈಯಲ್ಲಿ ಚೆಂಡೆಸೆಯುತ್ತಿದ್ದರು, ಎಡಗೈ ಬ್ಯಾಟಿನಲ್ಲಿ ಬಹುದೂರ ಬಾರಿಸುತ್ತಿದ್ದರು, ಎಸೆಯದ ದಿನ ಫಸ್ಟ್ ಬೇಸ್ ಕಾಯುತ್ತಿದ್ದರು. 1923ರ ಏಪ್ರಿಲ್ 18ರಂದು ವಿಲಿಯಮ್ಸ್ ಕಾಲೇಜಿನ ವಿರುದ್ಧ 17 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು. ಕೊಲಂಬಿಯಾ ಮಾತ್ರ ಆ ಪಂದ್ಯ ಸೋತಿತು! ಅದೇ ದಿನ ಅದೇ ಊರಲ್ಲಿ ಯಾಂಕಿ ಸ್ಟೇಡಿಯಂ ಉದ್ಘಾಟನೆಯಾಯಿತು.

ಕೆಲವೇ ದಿನಗಳಲ್ಲಿ ಯಾಂಕೀಸ್ ತಂಡದ ಪಾಲ್ ಕ್ರಿಚೆಲ್ ಇವರನ್ನು ಗುರುತಿಸಿದರು. ಮನೆಯಲ್ಲಿ ಹಣದ ಅಡಚಣೆ, ಹಾಗಾಗಿ ಡಿಗ್ರಿ ಅರ್ಧಕ್ಕೇ ನಿಂತಿತು. ಅಮ್ಮನಿಗೆ ಎಷ್ಟು ಸಂಕಟವಾಗಿರಬೇಕು ಅಂತ ನಾವು ಊಹಿಸಬಹುದು.

1925ರ ಜೂನ್ 1ರಿಂದ ಗೆರಿಗ್ ಒಂದು ಪಂದ್ಯವನ್ನೂ ಬಿಡದೆ ಆಡತೊಡಗಿದರು. ಬೆರಳು ಮುರಿದರೂ, ಬೆನ್ನು ಹಿಡಿದರೂ ಮೈದಾನಕ್ಕೆ ಬಂದರು. ಹೀಗೆ ಸತತ 2,130 ಪಂದ್ಯ! ಒಟ್ಟು 493 ಹೋಮ್‌ರನ್, 6 ಸಲ ವಿಶ್ವ ಸರಣಿ ಗೆದ್ದ ತಂಡದಲ್ಲಿ ಸ್ಥಾನ. ಆದರೂ ಪಕ್ಕದಲ್ಲಿ ಬೇಬ್ ರೂತ್ ಇದ್ದುದರಿಂದ ಹೆಚ್ಚಿನ ಚಪ್ಪಾಳೆ ಅವರಿಗೇ ಹೋಗ್ತಿತ್ತು. ಗೆರಿಗ್ ಅದಕ್ಕೆ ತಲೆ ಕೆಡಿಸಿಕೊಂಡವರಲ್ಲ.

1939ರಲ್ಲಿ ಕೈಕಾಲಿನ ಬಲ ಕುಂದತೊಡಗಿತು. ಮೇ 2ರಂದು ತಾವೇ ಹೋಗಿ, ಇವತ್ತು ನನ್ನನ್ನು ಆಡಿಸಬೇಡಿ ಅಂತ ಮ್ಯಾನೇಜರಿಗೆ ತಿಳಿಸಿದರು. 36ನೇ ಹುಟ್ಟುಹಬ್ಬದ ದಿನವೇ ಮೇಯೊ ಕ್ಲಿನಿಕ್ಕಿನಲ್ಲಿ ಎ.ಎಲ್.ಎಸ್. ಅಂತ ಗೊತ್ತಾಯಿತು. ಸ್ನಾಯುಗಳನ್ನು ಆಡಿಸುವ ನರಕೋಶಗಳೇ ಸಾಯುತ್ತಾ ಹೋಗುವ ಕಾಯಿಲೆ ಅದು. ಜುಲೈ 4ರಂದು ತುಂಬಿದ ಯಾಂಕಿ ಸ್ಟೇಡಿಯಮ್ಮಿನಲ್ಲಿ ನಿಂತು, ಸಹ ಆಟಗಾರರಿಗೆ, ಅಪ್ಪ ಅಮ್ಮನಿಗೆ, ಹೆಂಡತಿಗೆ ಕೃತಜ್ಞತೆ ಹೇಳಿ, ತಾನು ಅದೃಷ್ಟವಂತನೆಂದೇ ಬೀಳ್ಕೊಂಡರು. ಆಮೇಲೂ ಸುಮ್ಮನೆ ಕೂರಲಿಲ್ಲ. ನ್ಯೂಯಾರ್ಕ್ ನಗರದ ಪೆರೋಲ್ ಆಯೋಗದಲ್ಲಿ ಕೆಲಸ ಮಾಡಿದರು. 1941ರ ಜೂನ್ 2ರಂದು ತೀರಿಕೊಂಡಾಗ ವಯಸ್ಸು ಇನ್ನೂ 37.

ಅವರ ಅಂಗಿಯ 4ನೇ ನಂಬರನ್ನು ಯಾಂಕೀಸ್ ಇನ್ಯಾರಿಗೂ ಕೊಡಲಿಲ್ಲ. ಮೇಜರ್ ಲೀಗ್‌ನಲ್ಲಿ ಅಂಥ ಗೌರವ ಪಡೆದ ಮೊದಲಿಗರು ಇವರೇ. 1939ರಲ್ಲೇ ಹಾಲ್ ಆಫ್ ಫೇಮ್‌ಗೂ ಆಯ್ಕೆಯಾದರು. ಸತತ ಪಂದ್ಯಗಳ ದಾಖಲೆಯನ್ನು 1995ರಲ್ಲಿ ಕ್ಯಾಲ್ ರಿಪ್ಕನ್ ಮುರಿದರು. ಆದರೆ ಆ ಕಾಯಿಲೆಯನ್ನು ಅಮೆರಿಕದಲ್ಲಿ ಇಂದಿಗೂ ಲೂ ಗೆರಿಗ್ ಕಾಯಿಲೆ ಅಂತಲೇ ಕರೀತಾರೆ. 2014ರಲ್ಲಿ ಜನ ತಲೆ ಮೇಲೆ ಐಸ್ ನೀರು ಸುರ್ಕೊಂಡು ವಿಡಿಯೊ ಹಾಕಿದ್ರಲ್ಲ, ಅದು ಇದೇ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲು. 2021ರಿಂದ ಮೇಜರ್ ಲೀಗ್ ಪ್ರತಿ ಜೂನ್ 2ನ್ನು ಲೂ ಗೆರಿಗ್ ದಿನವಾಗಿ ಆಚರಿಸುತ್ತಿದೆ.

ಅಡುಗೆ ಮಾಡಿ ಮಗನನ್ನು ಓದಿಸಿದ ಆ ತಾಯಿಗೆ ಎಂಜಿನಿಯರ್ ಮಗ ಸಿಗಲಿಲ್ಲ. ಆದರೆ ದಿನವೂ ತಪ್ಪದೆ ಕೆಲಸಕ್ಕೆ ಹಾಜರಾಗುವ ಗುಣ ಮಗ ಕಲಿತದ್ದು ಅವರಿಂದಲೇ ಅಂತ ನಮಗನಿಸುತ್ತೆ. ಪರದೇಶದಲ್ಲಿ ಓದುತ್ತಿರುವ ನಮಗೆ ಆ ಗುಣ ದೊಡ್ಡ ಆಸ್ತಿ.