ದೋಣಿಯಲ್ಲಿದ್ದ ಹದಿನಾಲ್ಕನೆಯವನು

ಗಲಿಲಾಯ ಸರೋವರದಲ್ಲಿ ಬಿರುಗಾಳಿ. ಅಲೆಯ ಮೇಲೆ ಎದ್ದು ನಿಂತ ದೋಣಿ, ಹರಿದ ಹಾಯಿ, ಅಂಚಿಗೆ ಬಾಗಿ ವಾಂತಿ ಮಾಡುತ್ತಿರುವ ಒಬ್ಬ ಶಿಷ್ಯ. ಮಲಗಿದ್ದ ಯೇಸುವನ್ನು ಉಳಿದವರು ಎಬ್ಬಿಸಿದ್ದಾರೆ. ಆತ ಗದರಿಸಿದ ಮೇಲೆ ಗಾಳಿ, ನೀರು ಎರಡೂ ಶಾಂತವಾದವು ಎನ್ನುತ್ತದೆ ಬೈಬಲ್. 1633ರಲ್ಲಿ ರೆಂಬ್ರಾಂಟ್ ಬರೆದ ಈ ಚಿತ್ರದಲ್ಲಿರುವುದು ಅದಕ್ಕೂ ಮುಂಚಿನ, ಜೀವಭಯದ ಗಳಿಗೆ. ಯೇಸು ಮತ್ತು ಹನ್ನೆರಡು ಶಿಷ್ಯರು ಎಂದರೆ ಹದಿಮೂರು ಜನ, ದೋಣಿಯಲ್ಲಿರುವವರು ಹದಿನಾಲ್ಕು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಟೋಪಿ ಹಿಡಿದು ನಮ್ಮನ್ನೇ ನೋಡುತ್ತಿರುವವನು ಸ್ವತಃ ರೆಂಬ್ರಾಂಟ್ ಎನ್ನುತ್ತಾರೆ.

ಹುಟ್ಟಿದ್ದು 1606ರಲ್ಲಿ, ನೆದರ್ಲೆಂಡ್ಸಿನ ಲೈಡನ್ನಿನಲ್ಲಿ. ಅಪ್ಪನದು ಗಿರಣಿ. 25ನೇ ವಯಸ್ಸಿಗೆ ಊರು ಬಿಟ್ಟು ಆಮ್‌ಸ್ಟರ್‌ಡ್ಯಾಮಿಗೆ ಬಂದ. ಶ್ರೀಮಂತ ವ್ಯಾಪಾರಿಗಳು ಭಾವಚಿತ್ರ ಬರೆಸಿಕೊಳ್ಳುತ್ತಿದ್ದ ಕಾಲ, ಸಂಪಾದನೆ ಚೆನ್ನಾಗಿತ್ತು. 1634ರಲ್ಲಿ ಸಾಸ್ಕಿಯಾಳ ಜೊತೆ ಮದುವೆ. 1639ರಲ್ಲಿ 13,000 ಗಿಲ್ಡರ್ ಬೆಲೆಯ ದೊಡ್ಡ ಮನೆ, ಕಂತಿನ ಮೇಲೆ.

ತಿಂಗಳಿಗೊಮ್ಮೆ ಇಎಂಐ ಕಟ್ಟುವ ನನಗೆ ಮುಂದಿನದನ್ನು ಓದುವಾಗ ಎದೆ ಹಿಂಡಿತು. ಮೊದಲ ಮೂರು ಮಕ್ಕಳು ಹಸುಗೂಸುಗಳಾಗಿರುವಾಗಲೇ ಹೋದವು. ನಾಲ್ಕನೆಯವನು ಟೈಟಸ್ ಉಳಿದ. ಆದರೆ 1642ರಲ್ಲಿ ಸಾಸ್ಕಿಯಾ ತೀರಿಕೊಂಡಳು. 'ನೈಟ್ ವಾಚ್' ಮುಗಿದದ್ದೂ ಅದೇ ವರ್ಷ. ದುಡ್ಡು ಬಂದಾಗಲೆಲ್ಲ ಹರಾಜಿನಲ್ಲಿ ಚಿತ್ರ, ಶಂಖ, ಆಯುಧ ಕೊಳ್ಳುತ್ತಿದ್ದ. ಮನೆಯ ಬಾಕಿ ಹಾಗೇ ಉಳಿಯಿತು. 1656ರಲ್ಲಿ ದಿವಾಳಿ. ಅಧಿಕಾರಿಗಳು ಕೋಣೆ ಕೋಣೆ ಸುತ್ತಿ 363 ಬಾಬ್ತುಗಳ ಪಟ್ಟಿ ಮಾಡಿದರು. ಮನೆಯೂ ಹರಾಜಾಯಿತು.

ಸಾಲಗಾರರ ಕೈಗೆ ಗಳಿಕೆ ಸಿಗದಿರಲೆಂದು ಮಗ ಟೈಟಸ್ ಮತ್ತು ಸಂಗಾತಿ ಹೆಂಡ್ರಿಕಿಯಾ 1660ರಲ್ಲಿ ಚಿತ್ರ ಮಾರುವ ಕಂಪನಿ ಮಾಡಿಕೊಂಡರು. ಕಾಗದದ ಮೇಲೆ ರೆಂಬ್ರಾಂಟ್ ಅವರ ನೌಕರ! ಆದರೂ ಕೈ ನಿಲ್ಲಲಿಲ್ಲ. ಇದೇ ಕಷ್ಟದ ವರ್ಷಗಳಲ್ಲಿ ಮೊಘಲ್ ಕಿರುಚಿತ್ರಗಳನ್ನು ಕೂತು ನಕಲು ಮಾಡಿದ. ಅವನು ಗೆರೆಯಲ್ಲಿ ಮೂಡಿಸಿದ ಷಹಜಹಾನ್ ಇಂದಿಗೂ ಇದ್ದಾನೆ.

1663ರಲ್ಲಿ ಹೆಂಡ್ರಿಕಿಯಾ, 1668ರಲ್ಲಿ ಟೈಟಸ್ ಹೋದರು. 1669ರ ಅಕ್ಟೋಬರ್ 4ರಂದು ರೆಂಬ್ರಾಂಟ್. ವೆಸ್ಟರ್‌ಕೆರ್ಕ್ ಚರ್ಚಿನಲ್ಲಿ, ಹೆಸರಿಲ್ಲದ ಬಾಡಿಗೆಯ ಸಮಾಧಿ. ಆ ಕೊನೆಯ ವರ್ಷದಲ್ಲೂ ಕನ್ನಡಿ ನೋಡಿಕೊಂಡು ತನ್ನ ಮುಖ ಬರೆದಿದ್ದಾನೆ. ಸುಕ್ಕು, ಜೋತ ಕೆನ್ನೆ ಯಾವುದನ್ನೂ ಮುಚ್ಚಿಟ್ಟಿಲ್ಲ.

ಬಿರುಗಾಳಿಯ ಚಿತ್ರ ಬಾಸ್ಟನ್ನಿನ ಗಾರ್ಡ್ನರ್ ಮ್ಯೂಸಿಯಮ್ಮಿನಲ್ಲಿತ್ತು. 1990ರ ಮಾರ್ಚ್ 18ರಂದು ಪೊಲೀಸರ ವೇಷದಲ್ಲಿ ಬಂದ ಇಬ್ಬರು ಒಟ್ಟು 13 ಕೃತಿಗಳ ಜೊತೆ ಅದನ್ನೂ ಕದ್ದೊಯ್ದರು. ಇನ್ನೂ ಸಿಕ್ಕಿಲ್ಲ; ಖಾಲಿ ಚೌಕಟ್ಟು ಗೋಡೆಯ ಮೇಲಿದೆ. ನೆಟ್‌ನಲ್ಲಿ ಅದರ ಪ್ರತಿ ಸಿಗುತ್ತದೆ. ನೋಡಿದರೆ ಹಗ್ಗ ಹಿಡಿದವನ ಮುಖವನ್ನು ತುಸು ಹೊತ್ತು ನೋಡಿ. ಆಗಿನ್ನೂ ಅವನಿಗೆ ಮನೆಯಿಲ್ಲ, ಮದುವೆಯಿಲ್ಲ; ಬರಬೇಕಾದ ಅಲೆಗಳೆಲ್ಲ ಮುಂದಿದ್ದವು.