ಸರ್ ವಾಲ್ಟರ್ ಸ್ಕಾಟ್: ಸಾಲ, ಮಾನ ಮತ್ತು ಕಾದಂಬರಿ

ಮಾರುವೇಷದಲ್ಲಿ ಸಂಚರಿಸುವ ಅರಸ, ಮುತ್ತಿಗೆಗೆ ಸಿಲುಕಿದ ಕೋಟೆ, ಅದರೊಳಗೆ ಸೆರೆಯಾದ ತರುಣಿ, ಕೊಟ್ಟ ಮಾತಿಗಾಗಿ ಪ್ರಾಣವನ್ನೇ ಪಣವಿಡುವ ವೀರ. ಚಾರಿತ್ರಿಕ ಪ್ರಣಯ ಕಾದಂಬರಿಗಳನ್ನು ಓದುವವರಿಗೆಲ್ಲ ಇವು ಚಿರಪರಿಚಿತ. ಈ ಹಳೆಯ ಸಾಮಗ್ರಿಯನ್ನು ನಿರ್ದಿಷ್ಟ ದೇಶಕಾಲಗಳ ಇತಿಹಾಸಕ್ಕೆ ಹೊಂದಿಸಿ, ಜಗತ್ತೇ ಅನುಕರಿಸುವಂತಹ ಒಂದು ಪ್ರಕಾರವನ್ನಾಗಿ ರೂಪಿಸಿದ ಶ್ರೇಯಸ್ಸು ಬಹುಮಟ್ಟಿಗೆ ಸ್ಕಾಟ್‌ಲೆಂಡಿನ ಸರ್ ವಾಲ್ಟರ್ ಸ್ಕಾಟನಿಗೆ ಸಲ್ಲಬೇಕು. ಅವನ ಕಾದಂಬರಿಗಳಷ್ಟೇ ಅವನ ಸಾಲದ ಕಥೆಯೂ ಗಮನಾರ್ಹವಾದುದು.

1771ರಲ್ಲಿ ಎಡಿನ್‌ಬರೋದ ವಕೀಲರೊಬ್ಬರ ಮನೆಯಲ್ಲಿ ಜನಿಸಿದ ಸ್ಕಾಟ್ ಎರಡು ವರ್ಷ ತುಂಬುವ ಮೊದಲೇ ರೋಗಕ್ಕೆ ತುತ್ತಾಗಿ ಬಲಗಾಲಿನ ಶಕ್ತಿ ಕಳೆದುಕೊಂಡ. ಆರೈಕೆಗೆಂದು ಅವನನ್ನು ಗಡಿಸೀಮೆಯಲ್ಲಿದ್ದ ಅಜ್ಜನ ಹೊಲಮನೆಗೆ ಕಳುಹಿಸಲಾಯಿತು. ಅಲ್ಲಿ ಕಿವಿಗೆ ಬಿದ್ದ ಲಾವಣಿಗಳೂ ಕದನದ ಕಥೆಗಳೂ ಮುಂದೆ ಅವನ ಬಂಡವಾಳವಾದವು. ಕಾನೂನು ಓದಿ 1799ರಲ್ಲಿ ಸೆಲ್ಕರ್ಕ್‌ಷೈರಿನ ಷೆರಿಫ್ ಆದ; 1806ರಲ್ಲಿ ಉಚ್ಚ ನ್ಯಾಯಾಲಯದ ಕ್ಲರ್ಕ್ ಹುದ್ದೆಯನ್ನೂ ಪಡೆದ. ಬೆಳಗಿನ ಜಾವ ಎದ್ದು ಬರೆಯುವುದು, ಆನಂತರ ಕಚೇರಿಗೆ ಹೋಗುವುದು ಅವನ ದಿನಚರಿಯಾಗಿತ್ತು.

ಕಥನಕವನಗಳಿಂದ ಪ್ರಸಿದ್ಧನಾಗಿದ್ದ ಅವನು 1814ರಲ್ಲಿ ‘ವೇವರ್ಲಿ’ ಕಾದಂಬರಿಯನ್ನು ಹೆಸರಿಲ್ಲದೆ ಪ್ರಕಟಿಸಿದ. 1745ರ ಬಂಡಾಯದಲ್ಲಿ ಎರಡು ಪಕ್ಷಗಳ ನಡುವೆ ತೂಗಾಡುವ ಸಾಧಾರಣ ತರುಣನೇ ಅದರ ನಾಯಕ. ಓದುಗನನ್ನು ಎರಡೂ ಶಿಬಿರಗಳಿಗೆ ಕರೆದೊಯ್ಯಲು ಇಂತಹ ನಾಯಕನೇ ಅನುಕೂಲ. ‘ಐವನ್‌ಹೋ’ (1819) ಕಾದಂಬರಿಯಲ್ಲಿ ಯಹೂದಿ ಯುವತಿ ರೆಬೆಕಾಳನ್ನು ನಾಯಕನಿಗೆ ಮದುವೆ ಮಾಡಿಸಲಿಲ್ಲವೆಂದು ಓದುಗರು ಆಕ್ಷೇಪಿಸಿದರು. ಆ ಕಾಲದಲ್ಲಿ ಅಂತಹ ವಿವಾಹ ಅಸಂಭವವೆಂದೂ, ಸದ್ಗುಣಕ್ಕೆ ಲೌಕಿಕ ಸುಖವೇ ಬಹುಮಾನವಾಗಬೇಕಿಲ್ಲವೆಂದೂ ಸ್ಕಾಟ್ ಸಮಾಧಾನ ಹೇಳಿದ. ಜನಪ್ರಿಯ ಲೇಖಕನಾಗಿಯೂ ಅವನು ಓದುಗರ ಎಲ್ಲ ಬೇಡಿಕೆಗಳಿಗೂ ತಲೆಬಾಗಲಿಲ್ಲ.

ಈ ಪುಸ್ತಕಗಳು ಅಗ್ಗದವಾಗಿರಲಿಲ್ಲ. 1821ರ ‘ಕೆನಿಲ್‌ವರ್ತ್’ನ ಮೂರು ಸಂಪುಟಗಳ ಬೆಲೆ 31 ಷಿಲಿಂಗ್ 6 ಪೆನ್ಸ್, ಕೃಷಿಕಾರ್ಮಿಕನೊಬ್ಬನ ಸುಮಾರು ಮೂರು ವಾರಗಳ ಕೂಲಿ. ಮಧ್ಯಮ ವರ್ಗದವರು ಬಾಡಿಗೆ ಪುಸ್ತಕಾಲಯಗಳಿಂದ ತಂದು ಓದುತ್ತಿದ್ದರು. ಪ್ರಕಾಶಕರು ಇನ್ನೂ ಬರೆಯದ ಕಾದಂಬರಿಗಳಿಗೂ ಮುಂಗಡ ಕೊಡುತ್ತಿದ್ದರು. ಆ ಹಣ ಆಬಟ್ಸ್‌ಫರ್ಡಿನಲ್ಲಿ ಜಮೀನಾಗಿ, ಗೋಪುರಗಳುಳ್ಳ ಮಹಲಾಗಿ ಮಾರ್ಪಟ್ಟಿತು.

ಅನರ್ಥದ ಮೂಲವೂ ಇಲ್ಲಿಯೇ ಇತ್ತು. ಬ್ಯಾಲಂಟೈನ್ ಮುದ್ರಣಾಲಯದಲ್ಲಿ ಸ್ಕಾಟ್ ಗುಪ್ತ ಪಾಲುದಾರ. ಮುದ್ರಣಾಲಯವೂ ಪ್ರಕಾಶಕ ಕಾನ್‌ಸ್ಟೆಬಲ್‌ನ ಸಂಸ್ಥೆಯೂ ಪರಸ್ಪರ ಹುಂಡಿಗಳಿಗೆ ಸಹಿ ಹಾಕಿ ಸಾಲ ಎತ್ತುತ್ತಿದ್ದವು. ಇಂತಹ ವ್ಯವಹಾರದಲ್ಲಿ ಒಬ್ಬ ಬಿದ್ದರೆ ಇಬ್ಬರೂ ಬೀಳುತ್ತಾರೆ. 1825ರ ಕೊನೆಯಲ್ಲಿ ಲಂಡನ್ನಿನ ಹಣದ ಮಾರುಕಟ್ಟೆ ಕುಸಿಯಿತು. 1826ರ ಜನವರಿಯಲ್ಲಿ ಎರಡೂ ಸಂಸ್ಥೆಗಳು ಮುಳುಗಿದವು. ಸ್ಕಾಟ್‌ನ ತಲೆಯ ಮೇಲೆ 1,20,000 ಪೌಂಡ್‌ಗೂ ಮಿಕ್ಕ ಸಾಲ ಬಿತ್ತು.

ಆಸ್ತಿಯನ್ನೊಪ್ಪಿಸಿ ದಿವಾಳಿಯೆಂದು ಘೋಷಿಸಿಕೊಂಡು, ಮುಂದಿನ ಗಳಿಕೆಯನ್ನು ತನಗಾಗಿ ಉಳಿಸಿಕೊಳ್ಳುವ ದಾರಿ ಅವನಿಗಿತ್ತು. ಅದನ್ನೊಲ್ಲದೆ, ತನ್ನ ಮುಂದಿನ ಬರವಣಿಗೆಯ ಆದಾಯವನ್ನೇ ಸಾಲಗಾರರ ಪರವಾದ ಧರ್ಮದರ್ಶಿಗಳಿಗೆ ಒತ್ತೆಯಿಟ್ಟ. ಅದೇ ವರ್ಷದ ಮೇ ತಿಂಗಳಲ್ಲಿ ಪತ್ನಿ ತೀರಿಕೊಂಡಳು. ಲೇಖನಿ ಮಾತ್ರ ನಿಲ್ಲಲಿಲ್ಲ. 1827ರಲ್ಲಿ ಬಂದ ನೆಪೋಲಿಯನ್ನನ ಬೃಹತ್ ಜೀವನಚರಿತ್ರೆಯಿಂದಲೇ ಸುಮಾರು 18,000 ಪೌಂಡ್ ಬಂದಿತು.

ಅದೇ ವರ್ಷದ ‘ದಿ ಸರ್ಜನ್ಸ್ ಡಾಟರ್’ ಕನ್ನಡಿಗರಿಗೆ ಕುತೂಹಲಕರ. ಭಾರತವನ್ನೇ ಕಾಣದ ಸ್ಕಾಟ್, ಇಲ್ಲಿಂದ ಮರಳಿದ್ದ ಸೇನಾಧಿಕಾರಿ ಮಿತ್ರನ ನೆರವಿನಿಂದ ಈ ಕಥೆಯನ್ನು ಬೆಂಗಳೂರು-ಶ್ರೀರಂಗಪಟ್ಟಣಗಳಿಗೆ ತಂದ. ತನ್ನನ್ನು ನಂಬಿ ಬಂದ ತರುಣಿಯನ್ನು ಟಿಪ್ಪುವಿಗೆ ಒಪ್ಪಿಸಹೊರಟ ದ್ರೋಹಿಗೆ ಹೈದರಾಲಿ ಆನೆಯ ಕಾಲ್ತುಳಿತದ ಶಿಕ್ಷೆ ಕೊಡಿಸುತ್ತಾನೆ. ಇವರು ಚರಿತ್ರೆಯ ಹೈದರ್-ಟಿಪ್ಪುಗಳಲ್ಲ, ಅಂದಿನ ಬ್ರಿಟಿಷ್ ಕಲ್ಪನೆಯವರು. ಆದರೂ ಮಾರುವೇಷದ ಅರಸನನ್ನು ಬಿಡದ ಸ್ಕಾಟ್, ಸುಖಾಂತವನ್ನು ಇಲ್ಲಿಯೂ ಬಿಟ್ಟ: ಅವಳನ್ನು ನಿಜವಾಗಿ ಪ್ರೀತಿಸಿದ ವೈದ್ಯ ಸಾಂಕ್ರಾಮಿಕ ರೋಗಕ್ಕೆ ಬಲಿಯಾಗುತ್ತಾನೆ, ಅವಳು ಅವಿವಾಹಿತಳಾಗಿಯೇ ಉಳಿಯುತ್ತಾಳೆ.

ಸ್ಕಾಟ್‌ನನ್ನು ಸತ್ಯಹರಿಶ್ಚಂದ್ರನೆಂದು ಕೊಂಡಾಡುವವರು ಎರಡು ಸಂಗತಿಗಳನ್ನು ಮರೆಯಬಾರದು. ಪಾಲುದಾರಿಕೆಯನ್ನು ಅವನು ಲೋಕದಿಂದ ಮರೆಮಾಚಿದ್ದ. ಕುಸಿತಕ್ಕೆ ಒಂದು ವರ್ಷ ಮೊದಲೇ ಆಬಟ್ಸ್‌ಫರ್ಡನ್ನು ಮಗನ ಮದುವೆಯ ಸಂದರ್ಭದಲ್ಲಿ ಅವನ ಹೆಸರಿಗೆ ಮಾಡಿದ್ದರಿಂದ, ಅದು ಸಾಲಗಾರರ ಕೈಗೆ ಸಿಗಲಿಲ್ಲ. ಹೀಗಿದ್ದೂ 1830ರಲ್ಲಿ ಅದೇ ಸಾಲಗಾರರು ಅವನ ಗ್ರಂಥಭಂಡಾರವನ್ನೂ ಪೀಠೋಪಕರಣಗಳನ್ನೂ ಕೃತಜ್ಞತೆಯಿಂದ ಅವನಿಗೇ ಬಿಟ್ಟುಕೊಟ್ಟರು. ದಿವಾಳಿಯಾದವನಿಂದ ದಕ್ಕಬಹುದಾಗಿದ್ದಕ್ಕಿಂತ ದುಡಿಯುತ್ತಿದ್ದವನಿಂದ ದಕ್ಕಿದ್ದೇ ಹೆಚ್ಚೆಂಬುದು ಅವರಿಗೆ ತಿಳಿದಿತ್ತು.

ಅತಿದುಡಿಮೆಯಿಂದ ಕೊನೆಯ ಕೃತಿಗಳು ಸೊರಗಿದವು, ದೇಹವೂ ಸೊರಗಿತು. ಲಕ್ವದ ಆಘಾತಗಳಿಂದ ಜರ್ಜರಿತನಾಗಿ 1832ರ ಸೆಪ್ಟೆಂಬರ್ 21ರಂದು ಸ್ಕಾಟ್ ನಿಧನನಾದ. ಆಗಲೂ ಸಾಲ ಪೂರ್ತಿ ತೀರಿರಲಿಲ್ಲ. ಉಳಿದದ್ದು ತೀರಿದ್ದು ಬಹುಮಟ್ಟಿಗೆ ಅವನ ಕೃತಿಗಳ ಹಕ್ಕುಗಳಿಂದ. ಮಾತಿಗೆ ತಪ್ಪದ ವೀರರನ್ನು ಓದುಗರು ಅವನ ಪುಟಗಳಲ್ಲಿ ಬಯಸಿದರು. ಆ ಪುಟಗಳನ್ನು ಅವರು ಕೊಳ್ಳುತ್ತಲೇ ಹೋದುದರಿಂದ, ಸತ್ತ ಮೇಲಾದರೂ ಲೇಖಕನ ಮಾತು ಉಳಿಯಿತು.